ದ್ವೀಪಕ್ಕೆ ಹೊತ್ತೊಯ್ದ ಜಗಳ

ಹಡಗು

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮೂರಿನವರು ಮೊದಲು ಕೇಳುವುದು ಚಳಿಯ ಬಗ್ಗೆ, ಆಮೇಲೆ ಊಟದ ಬಗ್ಗೆ. ಎರಡಕ್ಕೂ ನನ್ನ ಉತ್ತರ ಒಂದೇ: ತಡೆದುಕೊಂಡೆ. ತಡೆದುಕೊಳ್ಳಲು ಆಗದಿದ್ದದ್ದು ಜೊತೆಗೆ ಬಂದವಳನ್ನು. ಅವಳಿಗೂ ನನ್ನ ಮೇಲೆ ಅಷ್ಟೇ ಪ್ರೀತಿ ಉಕ್ಕುತ್ತಿತ್ತು ಅನ್ನಿ. ವಿಮಾನ ಹತ್ತುವ ಮೊದಲೇ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ಅವಳು ಷಂಷಾದ್. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನವಳು. ಅಪ್ಪ ಅಲ್ಲಿನ ಸಂತೆಯಲ್ಲಿ ಬಳೆ ಮಾರುತ್ತಿದ್ದರು, ಮಗಳು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ನಾನು ರತ್ನಕ್ಕ, ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಕುರಿಗಾರರ ಸಂಘ ಕಟ್ಟಿ, ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಅರ್ಧ ಆಯಸ್ಸು ಕಳೆದವಳು. ಕರಪತ್ರ ಬರೆದು ಬರೆದು ಕೈ ಪಳಗಿದೆ. ಈ ಬರಹದಲ್ಲೂ ಅಲ್ಲಲ್ಲಿ ಧಿಕ್ಕಾರ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜಗಳ ಕರಿಗುಡ್ಡದ್ದು. ಅದು ನಮ್ಮೂರ ಕುರಿ, ಮೇಕೆಗಳಿಗೆಲ್ಲ ಇರುವ ಒಂದೇ ಮೇವಿನ ಜಾಗ. ಅದಕ್ಕೆ ಸುತ್ತ ತಂತಿ ಬೇಲಿ ಹಾಕಿ ಸೋಲಾರ್ ಹಲಗೆ ಕೂರಿಸುತ್ತೇವೆ ಅಂತ ಒಂದು ಕಂಪನಿ ಅರ್ಜಿ ಹಾಕಿತ್ತು. ಬೇಲಿ ಬಂದರೆ ಮೇವು ಹೋಯಿತು, ಮೇವು ಹೋದರೆ ಊರು ಹೋಯಿತು. ನಾವು ವಾಪಸ್ ಬಂದ ಮೇಲೆ ಜಗಳೂರಿನಲ್ಲಿ ಅಧಿಕಾರಿಗಳ ಎದುರು ಅಹವಾಲು ಸಭೆ ಇತ್ತು. ಷಂಷಾದ್ ಅದೇ ಗುಡ್ಡದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವಳು. ಬೇಸಿಗೆಯಲ್ಲಿ ನಮ್ಮ ಹಿಂಡುಗಳು ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ತಂಗಲು ಹೊನ್ನಾಳಿ, ನ್ಯಾಮತಿ ಕಡೆ ಹೋಗುತ್ತವಲ್ಲ, ಅವುಗಳ ಹಿಂದೆ ಕಾಲು ಬೊಬ್ಬೆ ಬರುವಂತೆ ನಡೆದವಳು. ಸಭೆಗೆ ಬಂದು ನಾಲ್ಕು ಮಾತು ಹೇಳು ಅಂದೆ.

"ಅಧ್ಯಯನ ಇನ್ನೂ ಮುಗಿದಿಲ್ಲ ಅಕ್ಕಾ. ಮುಗೀದೆ ಬಾಯಿ ಬಿಡಾಕೆ ಆಗಲ್ಲ" ಅಂದಳು.

"ನಿನ್ನ ಅಧ್ಯಯನ ಮುಗಿಯೋ ಹೊತ್ತಿಗೆ ಗುಡ್ಡನೇ ಮುಗಿದಿರ್ತೈತೆ ಕಣೇ."

"ಇನ್ನೊಂದು ಐತೆ. ಹೇಳೋದಾದ್ರೆ ಪೂರ್ತಿ ಹೇಳ್ಬೇಕು. ಗೋಕಟ್ಟೆ ವಿಷ್ಯನೂ."

ಗೋಕಟ್ಟೆ ಅಂದರೆ ಗುಡ್ಡದ ಬುಡದಲ್ಲಿರುವ, ದನ ಕುರಿ ನೀರು ಕುಡಿಯುವ ಕೆರೆಯಂಥದ್ದು. ಅಲ್ಲಿಗೆ ಕೇರಿಯವರ ಮೇಕೆಗಳನ್ನು ನಮ್ಮ ಸಂಘದ ಕುರಿಗಾರರು ಬಿಡುತ್ತಿರಲಿಲ್ಲ. ಕೇಳಿದರೆ ಮೇಕೆ ಗಿಡ ಬೋಳಿಸುತ್ತವೆ, ನೀರು ಕದಡುತ್ತವೆ ಅನ್ನುತ್ತಿದ್ದರು. ಕೇರಿಯ ಮನೆಯವರು ಈಚೆಗೆ ಬೌದ್ಧರಾಗಿದ್ದರು, ಅದೂ ಕೆಲವರ ಕಣ್ಣು ಕೆಂಪಾಗಿಸಿತ್ತು. ಅಸಲು ಕಾರಣ ಎಲ್ಲರಿಗೂ ಗೊತ್ತು. ತಡೆಯುವವರ ಮುಂದಾಳು ನನ್ನ ಒಡಹುಟ್ಟಿದ ಅಣ್ಣ ತಿಪ್ಪೇಸ್ವಾಮಿ. ಈಗ ಅದನ್ನೆಲ್ಲ ಎತ್ತಿದರೆ ಸಂಘ ಒಡೆಯುತ್ತದೆ, ಹೋರಾಟ ಮುಗಿಯಲಿ, ಆಮೇಲೆ ನೋಡೋಣ ಅನ್ನುವುದು ನನ್ನ ವಾದ. ನಮ್ಮಂಥವರು ಎಲ್ಲದಕ್ಕೂ ಹೇಳುವ ಮಾತು ಇದು.

ಆ ಹೊತ್ತಿಗೇ ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯ ಷಂಷಾದಳನ್ನು ಕರೆದಿತ್ತು. ಅಲ್ಲಿ ಲೂಯಿಸ್ ಅಂತ ಒಂದು ದ್ವೀಪ, ಊರಿಗೆಲ್ಲ ಸೇರಿದ ಗುಡ್ಡದಲ್ಲಿ ಕುರಿ ಮೇಯಿಸುವವರ ನಾಡು. ಬರುವಾಗ ನಿಮ್ಮ ಹಳ್ಳಿಯವರೊಬ್ಬರನ್ನು ಕರೆತನ್ನಿ ಅಂದಿದ್ದರಂತೆ. ಸಂತೆಗೆ ಹೋಗುವವನು ಕಾಳಿನ ಮಾದರಿಯನ್ನು ಚೀಟಿಯಲ್ಲಿ ಕಟ್ಟಿಕೊಳ್ಳುವ ಹಾಗೆ ನನ್ನನ್ನು ಕಟ್ಟಿಕೊಂಡಳು.

ದ್ವೀಪಕ್ಕೆ ಹಡಗಿನಲ್ಲೇ ಹೋಗಬೇಕು. ಬಿಳಿಚೋಡಿನವಳಿಗೆ ಸಮುದ್ರ ಎಲ್ಲಿಯ ಮಾತು! ಹಡಗು ತೂಗಲು ಶುರುವಾದದ್ದೇ ಹೊಟ್ಟೆಯಲ್ಲಿದ್ದ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಎಲ್ಲ ಮೇಲಕ್ಕೆ ಬಂತು. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಮುದುಕಿ ಶುಂಠಿ ಬಿಸ್ಕತ್ತು ಕೊಟ್ಟು ಬೆನ್ನು ನೀವಿದಳು. ನಿಮ್ಮೂರಲ್ಲಿ ಮಳೆ ಹೇಗೆ ಅಂತ ಕೇಳಿದಳು. ಅಲ್ಲಿಯವರು ಯಾರ ಜೊತೆ ಮಾತು ಶುರು ಮಾಡಿದರೂ ಮಳೆಯಿಂದಲೇ ಶುರು ಮಾಡುತ್ತಾರೆ, ನಮ್ಮಲ್ಲಿ "ಊಟ ಆಯ್ತಾ" ಅಂತ ಕೇಳುವ ಹಾಗೆ. ನನಗೆ ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡಲು ನಾಲಿಗೆ ತೊಡರುತ್ತದೆ. ಆದರೂ "ನೋ ರೇನ್. ನೆವರ್" ಅಂದೆ. ಮುದುಕಿ ಅಯ್ಯೋ ಅಂತ ಎದೆ ಹಿಡಿದುಕೊಂಡಳು. ಎದುರಿಗಿದ್ದ ಷಂಷಾದ್ ಕಿಟಕಿಯಿಂದ ಮುಖ ತಿರುಗಿಸಿ, ಬರುತ್ತದೆ, ಕಡಿಮೆ ಬರುತ್ತದೆ, ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಅಂತ ತಿದ್ದಿದಳು. ನನಗೆ ಮತ್ತೆ ಹೊಟ್ಟೆ ತೊಳಸಿತು.

ಭಾನುವಾರ

ನಾವು ಉಳಿದದ್ದು ಮೊರಾಗ್ ಅನ್ನುವವರ ಮನೆಯಲ್ಲಿ. ಅರವತ್ತು ದಾಟಿದ ಎತ್ತರದ ಹೆಂಗಸು, ಆ ಹಳ್ಳಿಯ ಮೇವುಗುಡ್ಡದ ಸಮಿತಿಗೆ ಕಾರ್ಯದರ್ಶಿ. ನಮ್ಮ ಸಂಘದಲ್ಲಿ ನಾನು ಮಾಡುವ ಕೆಲಸವೇ. ಮಾತು ಕಡಿಮೆ, ಚಹಾ ಜಾಸ್ತಿ. ಕಪ್ಪು ಖಾಲಿಯಾದದ್ದು ಕಂಡರೆ ಸಾಕು, ಕೇಳದೆ ತುಂಬಿಸುತ್ತಿದ್ದರು. ಸಾಕು ಅನ್ನಬೇಕಾದರೆ ಕಪ್ಪಿನಲ್ಲಿ ಸ್ವಲ್ಪ ಉಳಿಸಬೇಕು ಅಂತ ಕಲಿಯುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ಭಾನುವಾರ ಬೆಳಿಗ್ಗೆ ಮೊರಾಗ್ ಟೋಪಿ ಹಾಕಿಕೊಂಡು ಚರ್ಚಿಗೆ ಹೋದರು. ಹೊರಗೆ ಅಪರೂಪಕ್ಕೆ ಬಿಸಿಲು. ಹಡಗಿನಲ್ಲಿ ಹಾಳಾಗಿದ್ದ ಕೆಂಪು ಸೀರೆ ಹಾಗೇ ಬಿದ್ದಿತ್ತು. ಒಗೆದು, ಹಿಂಡಿ, ಹಿತ್ತಲ ಹಗ್ಗಕ್ಕೆ ಉದ್ದಕ್ಕೂ ಹರವಿದೆ. ಆ ಗಾಳಿಗೆ ಸೀರೆ ಪಟಪಟ ಹಾರತೊಡಗಿತು. ಗಿಡ ಮರ ಇಲ್ಲದ ನಾಡು ಅದು, ಮೈಲಿ ದೂರಕ್ಕೂ ಕಾಣುತ್ತಿತ್ತು. ನನಗೋ ಪರದೇಶದಲ್ಲಿ ನಮ್ಮ ಸಂಘದ ಬಾವುಟ ಹಾರಿಸಿದಷ್ಟು ಖುಷಿ.

ಚರ್ಚಿನಿಂದ ಜನ ಕಪ್ಪು ಬಟ್ಟೆಯಲ್ಲಿ ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬರೇ ನಮ್ಮ ಹಿತ್ತಲ ಎದುರು ನಡಿಗೆ ನಿಧಾನ ಮಾಡಿದರು. ಕೈ ಬೀಸಿದೆ. ಯಾರೂ ಬೀಸಲಿಲ್ಲ. ಮೊರಾಗ್ ಬಂದರು, ಸೀರೆ ನೋಡಿದರು, ಒಳಗೆ ಹೋಗಿ ಚಹಾ ಇಟ್ಟರು. ಬಹಳ ಹೊತ್ತಾದ ಮೇಲೆ, ಗಾಳಿ ಜೋರಾಗಿದೆ, ನಿಮ್ಮ ಬಟ್ಟೆ ಹರಿದೀತು ಅಂದರು. ಅಷ್ಟೇ. ಇದೇನೋ ಎಡವಟ್ಟಾಗಿದೆ ಅಂತ ನನಗೆ ಆಗ ಹೊಳೆಯಿತು.

ಷಂಷಾದಳನ್ನು ಮೂಲೆಗೆ ಕರೆದು ಕೇಳಿದೆ.

"ಈ ದ್ವೀಪದಾಗೆ ಭಾನುವಾರ ದೇವ್ರ ದಿನ ಅಕ್ಕಾ. ಅಂಗಡಿ ತೆಗಿಯಲ್ಲ, ಹೊಲದ ಕೆಲ್ಸ ಇಲ್ಲ, ಬಟ್ಟೆ ಒಣಹಾಕಂಗಿಲ್ಲ. ಓದಿದ್ದೆ ನಾನು."

"ಓದಿದ್ದೆ ಅಂದ್ರೆ? ಗೊತ್ತಿತ್ತಾ ನಿನಗೆ?"

"ಹಳೇ ಲೇಖನ ಅದು. ಈಗ್ಲೂ ಹಂಗೇ ನಡೀತೈತೋ ಇಲ್ವೋ ಖಚಿತ ಇರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ."

"ನಾನು ಸೀರೆ ಹಿಂಡ್ತಾ ಇದ್ದಾಗ ಕಿಟಕೀಲಿ ನಿಂತು ನೋಡ್ತಿದ್ದಲ್ಲೇ ತಾಯಿ!"

"ಹೂಂ. ಏನಾಗ್ತೈತೋ ನೋಡಾಣ ಅಂತ."

ನಗಬೇಕೋ ಬಡಿಯಬೇಕೋ ತಿಳಿಯಲಿಲ್ಲ. ನಮ್ಮಲ್ಲೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಯಾರೋ ಪರಸ್ಥಳದವನು ಗೊತ್ತಿಲ್ಲದೆ ಹೂಡಲು ಹೊರಟರೆ ಸಣ್ಣ ಮಕ್ಕಳೂ ಓಡಿಹೋಗಿ ತಡೆಯುತ್ತವೆ. ಅವು ಖಚಿತ ಮಾಡಿಕೊಂಡು ಹೇಳುವುದಿಲ್ಲ, ಎತ್ತಿನ ಮೇಲಿನ ಕಕ್ಕುಲಾತಿಗೆ ಹೇಳುತ್ತವೆ. ಒದ್ದೆ ಸೀರೆ ಎಳೆದುಕೊಂಡು ಒಳಗೆ ಬಂದೆ. ಮೊರಾಗ್ ತಮ್ಮ ಒಲೆಯ ಮುಂದೆ ಕುರ್ಚಿಗಳನ್ನು ಜೋಡಿಸಿ, ತಾವೇ ಒಂದು ಸೆರಗು ಹಿಡಿದು ಹರವಲು ಕೈ ಕೊಟ್ಟರು.

ಊರ ಹಾಲ್

ಸೋಮವಾರ ಸಂಜೆ ಊರಿನ ಹಾಲ್‌ನಲ್ಲಿ ನಮ್ಮ ಮಾತು. ತಗಡಿನ ಚಾವಣಿ, ಮಡಚುವ ಕುರ್ಚಿಗಳು, ಹಿಂದಿನ ಮೇಜಿನ ಮೇಲೆ ಕೇಕು. ಕುರಿ ಸಾಕುವ ಗಂಡಸರು ಹೆಂಗಸರು ಗಂಬೂಟಿನಲ್ಲೇ ಬಂದಿದ್ದರು. ನಾನು ಕನ್ನಡದಲ್ಲಿ ಹೇಳುವುದು, ಷಂಷಾದ್ ಇಂಗ್ಲಿಷಿಗೆ ತಿರುಗಿಸುವುದು.

ಮೈಕು ಕಂಡರೆ ನನಗೆ ಮೈಮೇಲೆ ದೇವರು ಬರುತ್ತದೆ. ಕರಿಗುಡ್ಡ ನಮ್ಮ ತಾಯಿ ಅಂದೆ. ತಲತಲಾಂತರದಿಂದ ನಮ್ಮದು ಅಂದೆ. ಕಂಪನಿ ಬರುವವರೆಗೆ ಅಲ್ಲಿ ಒಂದು ಸಣ್ಣ ಮನಸ್ತಾಪವೂ ಇರಲಿಲ್ಲ, ಎಲ್ಲ ಜಾತಿಯವರೂ ಅಣ್ಣತಮ್ಮಂದಿರಂತೆ ಮೇಯಿಸುತ್ತಿದ್ದೆವು ಅಂದೆ. ಪ್ರತಿ ವಾಕ್ಯಕ್ಕೂ ಷಂಷಾದ್ ಬಾಲ ಹಚ್ಚುತ್ತಿದ್ದಳು: ಇವರ ಹೇಳಿಕೆಯ ಪ್ರಕಾರ. ಇವರು ನಂಬುವಂತೆ. ಇದು ಸಂಘದ ನಿಲುವು. ಅಣ್ಣತಮ್ಮಂದಿರ ಮಾತು ಬಂದಾಗಂತೂ, ಈ ಹೇಳಿಕೆಯನ್ನು ಇನ್ನೂ ಪರಿಶೀಲಿಸಬೇಕಾಗಿದೆ ಅಂದುಬಿಟ್ಟಳು.

ನಾನು ಮಾತು ನಿಲ್ಲಿಸಿದೆ. "ಮೇಡಂ, ನಾನು ಹೇಳಿದ್ದಷ್ಟು ಹೇಳ್ರಿ. ನಿಮ್ದು ಸೇರಿಸ್ಬೇಡ್ರಿ" ಅಂದೆ. ಷಂಷಾದಳಿಗೆ ನಾನು "ರಿ" ಹಚ್ಚಿದರೆ ಅದು ಸಿಟ್ಟು ನೆತ್ತಿಗೇರಿದ ಲಕ್ಷಣ.

"ನನ್ನ ಬಾಯಿಂದ ಸುಳ್ಳು ಬರಲ್ಲ ಅಕ್ಕಾ."

"ಸುಳ್ಳಾ? ನಾನು ಸುಳ್ಳು ಹೇಳ್ತೀನಾ?"

"ಗೋಕಟ್ಟೆ ಹತ್ರ ಕೇರಿ ದುರ್ಗಮ್ಮನ ಮೇಕೆಗೆ ಕಲ್ಲು ಹೊಡೆದಿದ್ದು ನಾನು ಕಣ್ಣಾರೆ ನೋಡೀನಿ. ಹೊಡ್ದೋರು ಯಾರು ಅಂತ ನಿಮಗೂ ಗೊತ್ತೈತೆ."

"ನೋಡಿದ್ಯಲ್ಲ, ಏನ್ ಮಾಡ್ದೆ? ಬರ್ಕಂಡೆ! ಕಲ್ಲು ಬೀಳೋದನ್ನ ನಿಂತು ಬರ್ಕಂಡೆ. ಯಾರಿಗೋಸ್ಕರ? ಯಾವ ದೇಶದೋರೋ ಓದ್ಲಿ ಅಂತ!"

ಅವಳ ಮುಖ ಬಿಳಿಚಿಕೊಂಡಿತು. ನನಗೆ ಅಯ್ಯೋ ಅನ್ನಿಸಿತು, ಬಾಯಿಂದ ಬಿದ್ದ ಮಾತು ಹೆಕ್ಕಿಕೊಳ್ಳಲು ಬರುತ್ತದೆಯೇ? ಕನ್ನಡದ ಒಂದಕ್ಷರ ತಿಳಿಯದ ಅಷ್ಟೂ ಜನ ಕೈಕಟ್ಟಿ, ಬಲು ಮರ್ಯಾದೆಯಿಂದ ನಮ್ಮ ಕಚ್ಚಾಟ ಕೇಳುತ್ತಿದ್ದರು. ಬಹುಶಃ ಇದೂ ಭಾಷಣದ ಭಾಗ ಅಂದುಕೊಂಡಿದ್ದರೋ ಏನೋ. ಕೊನೆಗೆ ಮೊರಾಗ್ ಎದ್ದು, ಚಹಾ ತಣ್ಣಗಾಗುತ್ತಿದೆ ಅಂತ ಘೋಷಿಸಿ ಸಭೆ ಮುಗಿಸಿದರು.

ಕಲ್ಲಿನ ಕುರಿಹಟ್ಟಿ

ಮಾರನೇ ದಿನ ಗುಡ್ಡದಿಂದ ಕುರಿ ಇಳಿಸುವ ಕೆಲಸ. ಆ ಊರಲ್ಲಿ ಕುರಿ ಕಾಯುವವರೇ ಇಲ್ಲ ಕಣ್ರೀ! ಯಾರದು ಅಂತ ಗುರುತಿಗೆ ಬೆನ್ನಿಗೆ ಬಣ್ಣ ಬಳಿದು ಗುಡ್ಡಕ್ಕೆ ಬಿಟ್ಟರೆ ಮುಗಿಯಿತು. ತೋಳ ಇಲ್ಲ, ಕಳ್ಳರಿಲ್ಲ, ನುಗ್ಗಲು ಬೆಳೆಯೂ ಇಲ್ಲ. ಉಣ್ಣೆ ಕತ್ತರಿಸುವಾಗ, ಔಷಧಿ ಹಾಕುವಾಗ ಮಾತ್ರ ಊರೆಲ್ಲ ಸೇರಿ ಇಳಿಸಿ, ಕಲ್ಲುಗೋಡೆಯ ದೊಡ್ಡ ಹಟ್ಟಿಗೆ ಕೂಡುತ್ತಾರೆ. ನಾಯಿಗಳು ಸಿಳ್ಳೆಗೆ ಎಡ ಬಲ ತಿರುಗುವುದನ್ನು ನೋಡಿದರೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೂ ಇಷ್ಟು ಶಿಸ್ತು ಇಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ನಾನು ಸೀರೆ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಮೊರಾಗರ ಕೋಟು ಹಾಕಿಕೊಂಡು, ಒಂದು ಕುರಿಯ ಕೊಂಬು ಹಿಡಿದೆ. ನಮ್ಮ ಕುರಿಗಿಂತ ಭಾರ. ನನ್ನನ್ನೂ ಎಳೆದುಕೊಂಡು ಕೆಸರಿಗೆ ಹೋಯಿತು. ಆ ಊರಿನವರು ಬಾಯಿಬಿಟ್ಟು ನಕ್ಕದ್ದು ಅವತ್ತೇ.

ಅಲ್ಲಿ ಯೂವನ್ ಅನ್ನುವವನೂ ಇದ್ದ. ವಿಶ್ವವಿದ್ಯಾಲಯದ ಸಂಶೋಧಕ, ನಮ್ಮನ್ನು ಕರೆಸಿದವನು. ಎಲ್ಲರಿಗೂ ಕೇಕು ಕೊಟ್ಟ ಮೊರಾಗ್ ಅವನಿಗೆ ಕೊಡದೆ ಡಬ್ಬಿ ಮುಚ್ಚಿದ್ದು ನೋಡಿದೆ. ಏನು ಇವರಿಬ್ಬರ ಕಥೆ ಅಂತ ಮೆಲ್ಲಗೆ ಷಂಷಾದಳ ಕಡೆ ನೋಡಿದೆ. ನಿನ್ನೆಯಿಂದ ಮಾತಿಲ್ಲದಿದ್ದರೂ ಕುತೂಹಲ ಇಬ್ಬರದ್ದೂ ಒಂದೇ. ಅವಳೇ ಮೊರಾಗರನ್ನು ಕೇಳಿದಳು. ಅವರು ಗೋಡೆಗೆ ಒರಗಿ, ಅವನಿಗೂ ಕೇಳಿಸುವ ಹಾಗೆ ಹೇಳಿದರು.

ಹಿಂದೆ ಈ ಗುಡ್ಡವೆಲ್ಲ ಒಬ್ಬ ಜಮೀನುದಾರನದು. ಊರವರು ಒಟ್ಟಾಗಿ ಅದನ್ನು ಊರಿಗೇ ಬಿಡಿಸಿಕೊಳ್ಳಲು ಹೊರಟಾಗ ಯೂವನ್ ಬಂದು ಇವರ ಬಗ್ಗೆ ಅಧ್ಯಯನ ಮಾಡಿದ. ನಾವೆಲ್ಲ ಒಂದು ಅಂತ ಹೇಳುವ ಊರು ಹೊರಗಿನಿಂದ ಬಂದು ನೆಲೆಸಿದ ಮನೆಗಳಿಗೆ ಗುಡ್ಡದಲ್ಲಿ ಪಾಲು ಕೊಟ್ಟಿಲ್ಲ ಅನ್ನುವುದು ಅವನಿಗೆ ಕಂಡಿತು. ಊರಿನ ಬಗ್ಗೆ ಯಾರು ಏನು ಬರೆದರೂ ಮೊದಲು ಊರ ಹಾಲ್‌ನಲ್ಲಿ ಓದಬೇಕು, ಆಮೇಲೆ ಎಲ್ಲಿ ಬೇಕಾದರೂ ಹಾಕಿಕೋ ಅನ್ನುವುದು ಆ ಊರಿನ ಪದ್ಧತಿ. ಓದಿದ. ಜನ ಅವನ ಮೇಲೆ ಕುರ್ಚಿ ಎತ್ತಿದರು.

"ಯಾರು ಜಾಸ್ತಿ ಕೂಗಾಡಿದ್ರು?" ನಾನೇ ಇಂಗ್ಲಿಷಿನಲ್ಲಿ ಕೇಳಿದೆ.

ನಾನೇ, ಅಂದರು ಮೊರಾಗ್. ಆದರೆ ಕೂಗಾಡಿದ ಮೇಲೆ ಆ ಮನೆಗಳಿಗೆ ಪಾಲು ಕೊಡಲೇಬೇಕಾಯಿತಂತೆ. ಜಮೀನುದಾರನ ವಕೀಲ ಅದೇ ಮಾತು ಎತ್ತಿಕೊಂಡು ಬಂದಾಗ, ಅದನ್ನು ನಾವು ಆಗಲೇ ಸರಿಮಾಡಿಕೊಂಡಿದ್ದೇವೆ ಅನ್ನಲು ಬಾಯಿ ಇತ್ತು.

ಹಾಗಾದರೆ ಇವನು ಮಾಡಿದ್ದು ಒಳ್ಳೆಯದೇ ಅಲ್ಲವೇ ಅಂದಳು ಷಂಷಾದ್.

ಅವನು ಹೇಳಿದ್ದು ನಿಜ, ಅಂದರು ಮೊರಾಗ್. ನನಗೆ ಅವನನ್ನು ಕಂಡರೆ ಆಗುವುದಿಲ್ಲ, ಅದೂ ನಿಜ.

ಯೂವನ್ ಕೆಸರು ಕೈ ಒರೆಸಿಕೊಳ್ಳುತ್ತ ನಕ್ಕ. ಹಾಲ್‌ನಲ್ಲಿ ಓದಿದ ದಿನ ತನಗೂ ಭಯವಾಗಿತ್ತು ಅಂದ. ಅದಕ್ಕಿಂತ ಮೊದಲು ಓದಿದ ಯಾವ ಸಭೆಯಲ್ಲೂ ಅವನ ಮಾತಿನಿಂದ ಯಾರದೂ ಏನೂ ಹೋಗುತ್ತಿರಲಿಲ್ಲವಂತೆ. ಅವತ್ತು ಜನ ಬೈದ ಮೇಲೆ ಅರ್ಧ ಬರಹ ಹರಿದು ಮತ್ತೆ ಬರೆದನಂತೆ. ಪಾಲು ಯಾಕೆ ಕೊಡಲಿಲ್ಲ ಅನ್ನುವುದನ್ನು ಅವನು ತಪ್ಪು ತಿಳಿದಿದ್ದ, ಬೈಗುಳದಲ್ಲೇ ಅದು ಗೊತ್ತಾಯಿತು. ಕೇಕಿನ ಡಬ್ಬಿ ಕಡೆ ಒಮ್ಮೆ ನೋಡಿ, ಕುರಿ ಹಿಡಿಯಲು ಹೋದ.

ಬಸ್ಸು

ವಾಪಸ್ ಹಡಗುಕಟ್ಟೆಗೆ ಬಸ್ಸಿನಲ್ಲಿ ಹೋಗುವಾಗ ಇಕ್ಕೆಲಗಳಲ್ಲೂ ಕಂದು ಬಣ್ಣದ ಬಯಲು. ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಿದ್ದರು. ಜಗಳೂರು ಬಸ್ಸಿನಲ್ಲಿ ಇಳಿದದ್ದೇ ದೊಡ್ಡ ಪುಣ್ಯ, ಥ್ಯಾಂಕ್ಸ್ ಎಲ್ಲಿಂದ ಬರಬೇಕು!

"ಅಕ್ಕಾ, ನಾನು ಸಭೆಗೆ ಬರ್ತೀನಿ" ಅಂದಳು ಷಂಷಾದ್, ಕಿಟಕಿ ನೋಡುತ್ತಲೇ. "ಅರ್ಧ ಗೊತ್ತಿರೋದನ್ನ ಅರ್ಧ ಗೊತ್ತು ಅಂತ್ಲೇ ಹೇಳ್ತೀನಿ. ಆದ್ರೆ ಮೊದ್ಲು ಬಿಳಿಚೋಡಿನಾಗೆ ಓದ್ತೀನಿ. ಎಲ್ಲಾರ ಮುಂದೆ. ಗೋಕಟ್ಟೆನೂ ಸೇರಿಸಿ. ನೀವು ಬ್ಯಾಡ ಅಂದ್ರೆ ಎರಡೂ ಇಲ್ಲ."

ನನಗೆ ಭಯವಾಯಿತು. ಸುಳ್ಳು ಯಾಕೆ ಹೇಳಲಿ, ಪೊಲೀಸ್ ಲಾಠಿ ಎತ್ತಿದಾಗಲೂ ಹಾಗೆ ಆಗಿರಲಿಲ್ಲ. ಸಂಘ ನಾನು ಕಟ್ಟಿದ್ದು. ಮನೆ ಮನೆ ತಿರುಗಿ, ಅಣ್ಣನ ಬೆನ್ನು ಹತ್ತಿ, ಒಬ್ಬೊಬ್ಬರನ್ನೇ ಸೇರಿಸಿದ್ದು. ಅದು ಒಡೆದರೆ ಗುಡ್ಡವನ್ನೂ ಕಳೆದುಕೊಂಡೆವು, ಅಣ್ಣನ ಮನೆಯ ಹೊಸ್ತಿಲನ್ನೂ ಕಳೆದುಕೊಂಡೆ. ಬಾಯಿ ಮುಚ್ಚಿಕೊಂಡಿದ್ದರೆ? ಕಂಪನಿಯ ವಕೀಲನಿಗೇನು ಕಣ್ಣಿಲ್ಲವೇ? ಗೋಕಟ್ಟೆ ಎಷ್ಟು ದಿನ ಬಚ್ಚಿಟ್ಟೇವು?

"ಓದು" ಅಂದೆ. "ಆದ್ರೆ 'ಪರಿಶೀಲಿಸಬೇಕಾಗಿದೆ' ಅಂತ ಅಂದ್ಯೋ, ಅಲ್ಲೇ ಚಪ್ಪಲಿ ತಗೀತೀನಿ."

"ಅಣ್ಣತಮ್ಮಂದಿರು ಅಂತ ನೀವು ಅಂದ್ರೋ, ನಾನೂ ತಗೀತೀನಿ" ಅಂದಳು. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು.

ಬಿಳಿಚೋಡು

ಸಮುದಾಯ ಭವನದಲ್ಲಿ ಅವಳು ಓದಿದಳು. ಗುಡ್ಡದಿಂದ ಯಾರಿಗೆ ಏನು ಸಿಗುತ್ತದೆ ಅಂತ ಹೇಳುವವರೆಗೆ ಎಲ್ಲರೂ ತಲೆದೂಗಿದರು. ಗೋಕಟ್ಟೆಯ ಮಾತು ಬಂತು. ಅಣ್ಣ ಎದ್ದು ನಿಂತ.

"ನಮ್ಮೂರ ಅನ್ನ ಉಂಡು ನಮ್ಮ ಮೇಲೇ ಬರ್ದೀಯಲ್ಲಮ್ಮಾ. ರತ್ನಿ, ಇದು ನಿನಗೆ ಗೊತ್ತಿತ್ತೇನು?"

"ಗೊತ್ತಿತ್ತಣ್ಣ. ಓದು ಅಂತ ಹೇಳ್ದೋಳೇ ನಾನು. ನೀನು ತಡೆಯೋದು ನಾನೂ ನೋಡೀನಿ, ಊರೆಲ್ಲ ನೋಡೈತೆ."

ಅಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಅವನ ಹಿಂದೆ ಬಹಳ ಜನ ಹೋದರು. ಬಾಗಿಲ ಬಳಿ ಕೂತಿದ್ದ ಕೇರಿಯ ದುರ್ಗಮ್ಮ, ಮೇಕೆ ಸಾಕಿಯೇ ಸಂಸಾರ ತೂಗಿಸಿದವಳು, ನಮ್ಮಿಬ್ಬರನ್ನೂ ನೋಡಿದಳು.

"ಇಷ್ಟು ವರ್ಷ ಇದನ್ನೇ ನಾವು ಹೇಳಿದ್ವಿ. ಮೇಡಮ್ಮೋರು ಹಾಳೇಲಿ ಬರ್ಕಂಡು ಬಂದ್ರೆ ಕಿವಿ ಕೇಳ್ತಾವೇನು ನಿಮಗೆ?"

ಷಂಷಾದ್ ಹಾಳೆ ಕೆಳಗಿಟ್ಟು, ಇದರಲ್ಲಿ ಏನು ಬಿಟ್ಟಿದ್ದೀನಿ ಹೇಳಿ ಅಂತ ದುರ್ಗಮ್ಮನ ಪಕ್ಕ ಹೋಗಿ ಕೂತಳು. ಮೇಕೆಗೆ ನೀರಿಲ್ಲದ ಬೇಸಿಗೆಯಲ್ಲಿ ಕೇರಿಯವರು ತಮ್ಮ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ದೂರದ ಹಳ್ಳಕ್ಕೆ ಅಟ್ಟಿದ್ದು ಅವತ್ತೇ ನಮಗೆ ಗೊತ್ತಾಯಿತು. ಸಂಘದವಳಾದ ನನಗೂ, ಸಂಶೋಧಕಿಯಾದ ಅವಳಿಗೂ.

ಜಗಳೂರು

ಅಹವಾಲು ಸಭೆಗೆ ಸಂಘದ ಅರ್ಧ ಜನ ಬರಲಿಲ್ಲ. ಅಣ್ಣ ಬಂದಿದ್ದ, ಹಿಂದಿನ ಗೋಡೆಗೆ ಒರಗಿ ಒಬ್ಬನೇ ನಿಂತಿದ್ದ. ಕಂಪನಿಯ ವಕೀಲರು ನಾನು ಹೆದರಿದ್ದನ್ನೇ ಎತ್ತಿದರು. ಈ ಸಂಘ ಊರಿನದಲ್ಲ, ಕೆಲವರದು, ಬಡವರ ಮೇಕೆಗೆ ನೀರು ಕುಡಿಯಲು ಬಿಡದವರು ಇವರು, ಇವರ ಕೈಯಲ್ಲಿ ಗುಡ್ಡ ಇದ್ದರೆಷ್ಟು, ಹೋದರೆಷ್ಟು ಅಂದರು. ಷಂಷಾದ್ ಎದ್ದಳು. ಹೌದು, ನೀರು ಬಿಡದಿದ್ದದ್ದು ನಿಜ ಅಂದಳು. ಗುಡ್ಡ ಹೋದರೆ ಎಲ್ಲರಿಗಿಂತ ಮೊದಲು ಬೀದಿಗೆ ಬರುವುದು ಆ ಮೇಕೆಯ ಮನೆಗಳೇ, ಅದೂ ನಿಜ ಅಂದಳು. ತನಗೆ ಇನ್ನೂ ತಿಳಿಯದಿರುವುದು ಏನು ಅಂತಲೂ ಹೇಳಿದಳು. ಒಂದು ಬಾಲವನ್ನೂ ಹಚ್ಚಲಿಲ್ಲ.

ಅಧಿಕಾರಿಗಳು ದುರ್ಗಮ್ಮನ ಕಡೆ ತಿರುಗಿ, "ನೀವೇ ಹೇಳಮ್ಮ, ಬೇಲಿ ಬೇಕೋ ಬೇಡವೋ?" ಅಂದರು.

ದುರ್ಗಮ್ಮ ಸೆರಗು ಸರಿಮಾಡಿಕೊಂಡು ನಿಂತಳು. "ನಮ್ ಮೇಕೆಗೆ ಕಲ್ಲು ಹೊಡೆದ್ರು, ಖರೇ ಸ್ವಾಮಿ. ಹೊಡ್ದೋನು ಅಗಾ, ಹಿಂದೆ ನಿಂತವ್ನೆ. ಅವನ್ನ ನಾನು ಸುಮ್ನೆ ಬಿಡಾಕಿಲ್ಲ. ದಿನಾ ಹೋಗಿ ಅವನ ಮುಂದೆ ನಿಂತು ಜಗಳ ಆಡ್ತೀನಿ, ಇವತ್ತಲ್ಲ ನಾಳೆ ಗೆಲ್ತೀನಿ. ನೀವು ಬೇಲಿ ಹಾಕಿದ್ಮ್ಯಾಲೆ ನಾನು ಯಾರತ್ರ ಜಗಳ ಆಡ್ಲಿ? ತಂತಿ ಹತ್ರನಾ?"

ಅಧಿಕಾರಿಗಳು ಬರೆದುಕೊಂಡರು. ತೀರ್ಮಾನ ಇನ್ನೂ ಬಂದಿಲ್ಲ, ಬೇಲಿಯೂ ಇನ್ನೂ ಬಂದಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅಣ್ಣ ನಿಂತಿದ್ದ. ದುರ್ಗಮ್ಮನ ಮುಖ ನೋಡದೆ, "ನಾಳೆ ಮೇಕೆ ಹೊಡ್ಕಂಡು ಗೋಕಟ್ಟೆಗೆ ಬಾ. ನಮ್ ಕುರಿ ನೀರು ಕುಡಿದಾದ ಮ್ಯಾಲೆ" ಅಂದ.

"ನಾನು ಮೊದ್ಲೇ ಬರ್ತೀನಿ" ಅಂದಳು ದುರ್ಗಮ್ಮ.

ಮಾರನೇ ಬೆಳಿಗ್ಗೆ ನಾವಿಬ್ಬರೂ ಗೋಕಟ್ಟೆ ತಲುಪುವಷ್ಟರಲ್ಲಿ ಅವಳ ಮೇಕೆಗಳು ನೀರಿಗೆ ಮೂತಿ ಇಟ್ಟಿದ್ದವು. ಅಣ್ಣ ಏರಿಯ ಮೇಲೆ ತನ್ನ ಹಿಂಡು ತಡೆದು ನಿಂತಿದ್ದ. ಬಾಯಿ ತುಂಬ ಬೈಗುಳ, ಕೈಯಲ್ಲಿ ಕಲ್ಲಿರಲಿಲ್ಲ.

"ಇವತ್ತೊಂದೇ ದಿನ ಹಿಂಗೋ, ದಿನಾ ಹಿಂಗೋ, ನೋಡ್ಬೇಕು ಅಕ್ಕಾ" ಅಂದಳು ಷಂಷಾದ್.

"ನೋಡು" ಅಂದೆ. "ನಾನು ಹೋಗಿ ದುರ್ಗಮ್ಮನ ಪಕ್ಕ ನಿಂತ್ಕಂತೀನಿ. ಬರ್ತೀಯಾ?"

ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ನನ್ನ ಹಿಂದೆಯೇ ಕೆಸರಿಗಿಳಿದಳು.